ಮನೆ ತೆಗೆಯುವ ವೈನಿ

ಹೋದ ತಿಂಗಳು ಒಂದು ಫೋನು ಬಂತು. ಮಾಡಿದವರು ನಾನು ಮೊದಲು ಕೆಲಸ ಮಾಡಿದ ಹೊಳೆದಂಡೆಯ ಊರಿನವರು. "ಬಾಯಾರ, ಪೆನ್ಸಿಲ್ ವೈನಿ ಹೋದ್ರರಿ. ಮಿರಜಿ ದವಾಖಾನ್ಯಾಗ" ಅಂದರು. ಏನಾಗಿತ್ತು ಎಂದು ನಾನು ಕೇಳುವ ಮೊದಲೇ ಆ ಕಡೆಯಿಂದ ಇನ್ನೊಂದು ಮಾತು ಬಂತು: "ಹೊಳಿ ಮತ್ತ ಏರಾಕತ್ತೈತ್ರಿ. ಮ್ಯಾಲೆ ಬಾಳ ಮಳಿ ಅಂತ." ಸಾವಿನ ಸುದ್ದಿಯನ್ನೂ ನೀರಿನ ಸುದ್ದಿಯನ್ನೂ ಒಂದೇ ಉಸಿರಿನಲ್ಲಿ ಹೇಳುವ ಊರು ಅದು. ಆವತ್ತಿನಿಂದ ಮಳೆ ಜೋರಾದಾಗಲೆಲ್ಲ ಆಕೆಯ ಮುಖ ಕಣ್ಣಮುಂದೆ ಬರುತ್ತಿದೆ. ಹುಬ್ಬು ಗಂಟಿಕ್ಕಿ, ಕೆಳತುಟಿ ಕಚ್ಚಿಕೊಂಡು, ಏನೋ ಕೆಟ್ಟದ್ದು ಆಗಿಯೇ ಆಗುತ್ತದೆ ಎಂದು ಕಾಯುತ್ತಿದ್ದ ಮುಖ.

ನಾನಾಗ ಶೇಡಬಾಳದಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಆ ಊರಿನ ಶಾಲೆಗೆ ಟೀಚರಾಗಿ ಹೋಗುತ್ತಿದ್ದೆ; ಊರಿಗೆಲ್ಲ ನಾನು ಬಾಯಾರು. ಶಾಲೆ ದಿಬ್ಬದ ಮೇಲೆ. ಊರು ಅದರ ಕೆಳಗೆ, ಊರಿನ ಕೆಳಗೆ ಕಬ್ಬು, ಕಬ್ಬಿನ ಕೆಳಗೆ ಕೃಷ್ಣಾ. ಶಾಲೆಯ ಗೇಟಿನ ಎದುರು ಆಕೆಯದೊಂದು ಸಣ್ಣ ತಗಡಿನ ಶೆಡ್ಡಿನ ಅಂಗಡಿ. ಊರಿನವರೆಲ್ಲ ಆಕೆಯನ್ನು ಕರೆಯುತ್ತಿದ್ದುದು ವೈನಿ, ಅಂದರೆ ಅತ್ತಿಗೆ ಎಂದು. ನೋಟುಬುಕ್ಕು, ರಬ್ಬರು, ಶೇಂಗಾ ಚಿಕ್ಕಿ, ಕೂದಲಿನ ಕ್ಲಿಪ್ಪು, ಇಂಥವು. ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರು. ಮನೆಯಲ್ಲಿ ಅತ್ತೆ. ತವರು ಗಡಿಯಾಚೆ, ಮಿರಜಿನ ಕಡೆ. ಕನ್ನಡವನ್ನು ಮದುವೆಯಾದ ಮೇಲೆ ಕಲಿತಿದ್ದಳು. ಗಾಬರಿಯಾದಾಗ ಮಾತ್ರ ಮರಾಠಿ ನುಗ್ಗಿ ಬರುತ್ತಿತ್ತು: "ಅರೆ ದೇವಾ! ಕಾಯ್ ಝಾಲಂ?" ಅಯ್ಯೋ ದೇವರೇ, ಏನಾಯಿತು, ಎಂದು. ಹಾಗಾಗಿ ದಿನಕ್ಕೆ ಹತ್ತಾರು ಸಲ ಮರಾಠಿ ಕೇಳಿಸುತ್ತಿತ್ತು.

ಗಾಬರಿ ಆಕೆಯ ಹುಟ್ಟುಗುಣ. ಗಂಡನ ಮೋಟರ್‌ಸೈಕಲ್ಲಿನ ಸಪ್ಪಳ ತಿರುವು ದಾಟಿ ಅಳಿಸಿಹೋಗುವ ತನಕ ಬಾಗಿಲಲ್ಲಿ ನಿಂತಿರುತ್ತಿದ್ದಳು. ಮಗುವೊಂದು ಸೀನಿದರೆ ಅದಕ್ಕೆ ಪೆಪ್ಸಿ ಕೊಡುತ್ತಿರಲಿಲ್ಲ. ದುಡ್ಡು ಚಾಚಿದ ಕೈಯನ್ನೇ ಹಿಂದಕ್ಕೆ ತಳ್ಳುತ್ತಿದ್ದಳು. ಸಂಜೆ ಬಸ್ಸು ಹತ್ತುವಾಗ ನನಗೆ ತಪ್ಪದೇ ಹೇಳುತ್ತಿದ್ದಳು: "ಬಾಯಾರ, ಕಿಡಕಿ ಹಂತೇಕ ಕುಂಡ್ರಬ್ಯಾಡ್ರಿ. ಕಬ್ಬಿನ ಟ್ರಾಲಿ ಬಾಜೂಕ ಬರತಾವು." ಮುಂದೆ ನನಗೆ ಅಥಣಿಗೆ ವರ್ಗವಾದ ಮೇಲೂ, ಆ ಕಡೆ ಗುಡುಗಿದರೆ ಈ ಕಡೆ ನನ್ನ ಫೋನು ಬಡಿದುಕೊಳ್ಳುತ್ತಿತ್ತು. "ಟಿವಿ ಪಿನ್ ತಗದೀರಿಲ್ಲರಿ?" ನಾನು ನಗುತ್ತಿದ್ದೆ. ಪಿನ್ನು ಮಾತ್ರ ತೆಗೆಯುತ್ತಿದ್ದೆ.

ಇಂಥ ಹೆಂಗಸಿನ ಕೈಗೆ ಬಣ್ಣದ ಪೆನ್ಸಿಲು ಸಿಕ್ಕಿದ್ದು ಅಂಗಡಿಯಿಂದಲೇ. ಮಕ್ಕಳು ಪೆಟ್ಟಿಗೆ ಬಿಚ್ಚಿ ನೋಡುವಾಗ ಒಂದೆರಡು ಕೆಳಗೆ ಬಿದ್ದು ಒಳಗಿನ ಕಡ್ಡಿ ಮುರಿಯುತ್ತಿತ್ತು. ಅಂಥ ಪೆಟ್ಟಿಗೆಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ಅವನ್ನೆಲ್ಲ ಒಂದು ಬಿಸ್ಕಿಟ್ಟಿನ ಡಬ್ಬಿಯಲ್ಲಿ ಕೂಡಿಸಿಟ್ಟುಕೊಂಡಿದ್ದಳು. ಕೆತ್ತುವ ಯಂತ್ರ ಅಂಗಡಿಯಲ್ಲೇ ಇದ್ದರೂ ಬ್ಲೇಡಿನಿಂದಲೇ ಕೆತ್ತುತ್ತಿದ್ದಳು, ತೆಂಗಿನಕಾಯಿ ಜುಟ್ಟು ಬಿಡಿಸುವಷ್ಟು ನಿಧಾನವಾಗಿ. ಗಿರಾಕಿ ಇಲ್ಲದ ಮಧ್ಯಾಹ್ನ ಗಲ್ಲಾಪೆಟ್ಟಿಗೆಯ ಮೇಲೆ ಹಾಳೆ ಹರಡಿ, ಎದುರಿಗೆ ಒಂದು ಬದನೆಕಾಯಿಯನ್ನೋ ತಾಮ್ರದ ತಂಬಿಗೆಯನ್ನೋ ಇಟ್ಟುಕೊಂಡು ಕೂರುತ್ತಿದ್ದಳು. ಚಿತ್ರ ಬರೆಯುವುದಕ್ಕೆ ನಮ್ಮ ಕಡೆ ಚಿತ್ರ ತೆಗೆಯುವುದು ಅನ್ನುತ್ತಾರೆ. ಅತ್ತೆ ಅಂಗಡಿಯ ಮುಂದೆ ಹಾಯುವಾಗ ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದಳು: "ತಗೀ ತಗೀ. ಎಮ್ಮಿ ಚಿತ್ರಾ ತಗದ್ರ ಹಾಲ ಕೊಡತೈತಿ!"

ಒಂದು ಸಲ ನಾನು ಬದನೆಕಾಯಿಯ ಚಿತ್ರ ನೋಡುತ್ತ ನಿಂತಿದ್ದೆ. ಮೊದಲು ಹಳದಿ ಹಚ್ಚಿದ್ದಳು. ಅದರ ಮೇಲೆ ತಿಳಿಗೆಂಪು, ಮೇಲೆ ನೀಲಿ, ಆಮೇಲೆ ನೇರಳೆ. ಒಂದರ ಮೇಲೊಂದು ತೆಳ್ಳಗೆ, ಹಾಳೆಗೆ ನೋವಾಗಬಾರದೆನ್ನುವ ಹಾಗೆ.

"ಕರೀ ಪೆನ್ಸಿಲ್ ಹಚ್ಚಿದ್ರ ಲಗೂನ ಮುಗೀತಿತ್ತಲ್ಲ?" ಅಂದೆ.

"ಬದನಿಕಾಯಿ ಕರೀದಲ್ಲರಿ. ದೂರಿಂದ ನೋಡಿದವ್ರಿಗೆ ಹಂಗ ಕಾಣತೈತಿ. ಮತ್ತ ಕರೀದು ಒಮ್ಮೆ ಹಚ್ಚಿದ್ರ ಹೊಳ್ಳಿ ಬರಾಕ ಹಾದಿ ಇಲ್ಲ. ಈ ಪೆನ್ಸಿಲಿಗೆ ರಬ್ಬರ ನಡಿಯೂದಿಲ್ಲ."

ಇದರಿಂದ ನಿನಗೇನು ಸಿಗುತ್ತದೆ ಎಂದು ಕೇಳಿದೆ. ಕೇಳಿದ ಮೇಲೆ ನನ್ನ ಮಾತು ಅವಳ ಅತ್ತೆಯ ಮಾತಿನ ಹಾಗೇ ಇದೆ ಅನ್ನಿಸಿ ನಾಚಿಕೆಯಾಯಿತು. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಬಣ್ಣ ಹಚ್ಚುತ್ತಲೇ ಹೇಳಿದಳು:

"ಹೆದರಿಕಿ ಬಂತಂದ್ರ ಮನಸ್ಸು ಮುಂದ ಮುಂದ ಓಡತೈತ್ರಿ. ನಾಳಿಗೆ ಏನು, ನಾಡದ ಏನು. ಪೆನ್ಸಿಲ್ ಹಿಡದ್ರ ಕಣ್ಣು ಇದ್ದಲ್ಲೇ ನಿಂದರತಾವು. ಈ ತೊಟ್ಟು ಹೆಂಗ ಡೊಂಕೈತಿ, ಅಷ್ಟ. ಸಂಜೀಕ ಇದನ್ನ ಹೆಚ್ಚಿ ಪಲ್ಲೆ ಮಾಡತೇನಿ. ಆದ್ರ ಇದು ಹಿಂಗಿತ್ತು ಅಂತ ನನಗ ಗೊತ್ತಿರತೈತಿ."

ಆ ವರ್ಷ ಶ್ರಾವಣ ಹಿಡಿಯುವ ಹೊತ್ತಿಗೆ ಹೊಳೆ ಬಂತು. ನಮ್ಮಲ್ಲಿ ಮಳೆ ಅಷ್ಟೇನೂ ಇರಲಿಲ್ಲ. ಸಹ್ಯಾದ್ರಿಯ ಕಡೆ ಬಿದ್ದ ಮಳೆ ಕೆಂಪು ನೀರಾಗಿ ಕಬ್ಬಿನೊಳಗೆ ಸದ್ದಿಲ್ಲದೆ ಏರಿ ಬಂತು. ಊರು ಖಾಲಿ ಮಾಡಬೇಕೆಂದು ಮೈಕಿನಲ್ಲಿ ಕೂಗಿದರು. ಟ್ರ್ಯಾಕ್ಟರಿನ ಮೇಲೆ ಟ್ರಂಕು, ಜೋಳದ ಚೀಲ, ಮುದುಕರು, ಆಡಿನ ಮರಿಗಳು ಒಂದರ ಮೇಲೊಂದು ದಿಬ್ಬ ಹತ್ತಿ ಬಂದವು. ನಮ್ಮ ಶಾಲೆಯೇ ಗಂಜಿ ಕೇಂದ್ರವಾಯಿತು. ನನ್ನನ್ನು ಅಲ್ಲಿಯ ಡ್ಯೂಟಿಗೆ ಹಾಕಿದರು.

ಆಕೆ ಅತ್ತೆಯ ಕೈ ಹಿಡಿದುಕೊಂಡು ಬಂದಳು. ಗಂಡ ಕಾರ್ಖಾನೆಯಲ್ಲಿ ಸಿಕ್ಕಿಬಿದ್ದಿದ್ದ. ದಾರಿಯ ಸೇತುವೆ ಮುಳುಗಿತ್ತು, ನೀರಿಳಿಯುವ ತನಕ ಅಲ್ಲೇ ಇರುತ್ತೇನೆಂದು ಫೋನು ಮಾಡಿದ್ದ. ಬಗಲಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಬಿಸ್ಕಿಟ್ಟಿನ ಡಬ್ಬಿ, ಹಾಳೆಯ ಸುರುಳಿ. ಅತ್ತೆ ವರಾಂಡದಲ್ಲಿ ನಿಂತು ಎಲ್ಲರೆದುರಿಗೆ ಬೈದಳು: "ಹಿಟ್ಟಿನ ಡಬ್ಬಿ ಬಿಟ್ಟ ಬಂದಾಳ, ಪೆನ್ಸಿಲ್ ಡಬ್ಬಿ ತಂದಾಳ! ಇದನ್ನ ಕುದಿಸಿ ಕುಡೀರಿ ಎಲ್ಲಾರೂ!" ಕೆಲವರು ನಕ್ಕರು. ಆಕೆ ತಲೆ ತಗ್ಗಿಸಿ, "ಗಡಬಡ್ಯಾಗ ಕೈಗೆ ಅದ ಸಿಕ್ತರಿ ಅತ್ತಿ" ಅಂದಳು.

ಕೇಂದ್ರದಲ್ಲಿ ಹಸಿವಿರಲಿಲ್ಲ. ಅನ್ನ ಸಾರು ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ಇದ್ದದ್ದು ಬರೀ ಕಾಯುವುದು. ಮೇಲಿನ ಡ್ಯಾಮಿನಿಂದ ಎಷ್ಟು ನೀರು ಬಿಟ್ಟರಂತೆ, ಇನ್ನೆಷ್ಟು ಬಿಡುತ್ತಾರಂತೆ, ಬರೀ ಇದೇ ಮಾತು. ಗಂಡಸರು ಕಾಂಪೌಂಡಿನ ಅಂಚಿಗೆ ಹೋಗಿ ನೋಡಿ ಬರುವರು. ಅಲ್ಲಿಂದ ಕಾಣುತ್ತಿದ್ದುದು ಗುಡಿಯ ಶಿಖರ, ಮರದ ತಲೆಗಳು, ಉಳಿದದ್ದೆಲ್ಲ ನೀರು. ಯಾರ ಮನೆ ನಿಂತಿದೆ, ಯಾರದು ಕುಸಿದು ಕೂತಿದೆ, ತಿಳಿಯುವ ಹಾಗಿರಲಿಲ್ಲ. ಅರ್ಧ ಊರು ಮಣ್ಣಿನ ಗೋಡೆಯದು.

ಹೊಳಿ ಓಣಿಯ ಅಪ್ಪಾಸಾಬ ಕಾಕಾ ಎಂಬ ಮುದುಕ ಬಂದಾಗಿನಿಂದ ಊಟ ಮುಟ್ಟಿರಲಿಲ್ಲ. ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತ ಕೂತಿದ್ದ. ಆಕೆ ಹೋಗಿ ಸ್ವಲ್ಪ ದೂರದಲ್ಲಿ ಕೂತಳು. ನನಗೆ ಕೇಳಿಸುತ್ತಿತ್ತು.

"ಕಾಕಾ, ನಿಮ್ಮ ಕಟ್ಟೀ ಮ್ಯಾಲೆ ಕುಂತ್ರ ಎಡಕ್ಕ ಏನ ಕಾಣತೈತ್ರಿ?"

"ಏನ ಕಾಣತೈತಿ? ಬೇವಿನ ಗಿಡ."

"ಗಿಡ ಗ್ವಾಡಿಗೆ ತಾಗೈತೇನು, ದೂರ ಐತೇನು?"

"ನಿನಗ್ಯಾಕ ಬೇ ಅದು?"

ಆಕೆ ಉತ್ತರ ಕೊಡದೆ ಹಾಳೆಯ ಮೇಲೆ ಒಂದು ತಿಳಿ ಗೆರೆ ಎಳೆದಳು. ಮುದುಕ ಓರೆಗಣ್ಣಿನಿಂದ ನೋಡಿದ. ಇನ್ನೊಂದು ಗೆರೆ. ತಡೆಯಲಾಗಲಿಲ್ಲ ಅವನಿಗೆ. "ಏ ಹುಚ್ಚಿ, ಬಾಗಲಾ ಇಷ್ಟ ಎತ್ತರ ಇಲ್ಲ. ನಾ ದಿನಾ ಬಗ್ಗಿ ಹೋಗತೇನಿ. ಇಲ್ಲಿ, ಇಲ್ಲಿಗೆ ಬರಬೇಕ ಚೌಕಟ್ಟು." ಎಂದು ಬೆರಳಿಟ್ಟು ತೋರಿಸಿದ. ಅಲ್ಲಿಂದ ಮಾತು ಒಳಗಿನ ಗೂಡಿಗೆ ಹೋಯಿತು, ಗೂಡಿನಲ್ಲಿದ್ದ ಕಂದೀಲಿಗೆ ಹೋಯಿತು, ಹೆಂಡತಿ ತೀರಿಕೊಂಡ ವರ್ಷ ಗೋಡೆಗೆ ಮೆತ್ತಿದ ತೇಪೆಗೆ ಹೋಯಿತು. ಹೆಂಚು ಅರ್ಧಕ್ಕೆ ಬಂದಾಗ ಊಟದ ತಟ್ಟೆ ಬಂತು. ಕಾಕಾ ಚಿತ್ರ ನೋಡುತ್ತಲೇ ಉಂಡ.

ಮರುದಿನದಿಂದ ಜನ ಆಕೆಯ ಸುತ್ತ ಕೂರತೊಡಗಿದರು. ಎಲ್ಲರ ಫೋನಿನಲ್ಲೂ ಫೋಟೊಗಳಿದ್ದವು. ಆದರೆ ಅವೆಲ್ಲ ಮುಖಗಳು. ಮನೆ ಹಿಂದೆಲ್ಲೋ ಮಸುಕಾಗಿತ್ತು. ತಮ್ಮ ಒಲೆಯ, ಹಿತ್ತಲಿನ ಕಲ್ಲಿನ ಫೋಟೊ ಯಾರು ತೆಗೆಯುತ್ತಾರೆ? ಆಕೆ ಕೇಳುತ್ತ ಹೋಗುತ್ತಿದ್ದಳು, ಬಾಗಿಲು ಒಳಗೆ ತೆರೆಯುತ್ತದೋ ಹೊರಗೋ, ಬಿಸಿಲು ಮುಂಜಾನೆ ಯಾವ ಗೋಡೆಗೆ ಬೀಳುತ್ತದೆ. ಗಂಡ ಒಂದು ಹೇಳಿದರೆ ಹೆಂಡತಿ ಇನ್ನೊಂದು ಹೇಳಿ ಜಗಳವಾಗುತ್ತಿತ್ತು. ಆ ಜಗಳದಲ್ಲಿ ಎಷ್ಟೋ ದಿನಗಳ ಮೇಲೆ ನಗುವೂ ಕೇಳಿಸಿತು. ಚಿತ್ರ ಮುಗಿದವರು ಅದನ್ನು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿಕೊಂಡರು.

ಆಮೇಲೆ ದೋಣಿಯವರು ಸುದ್ದಿ ತಂದರು. ಅಪ್ಪಾಸಾಬ ಕಾಕಾನ ಮನೆ ಕೂತಿತ್ತು. ಅದರ ಮಗ್ಗುಲಿನ ಮನೆಯೂ. ಸಂಜೆಗೆ ಇನ್ನೊಂದು. ಮೂರೂ ಆಕೆ ಚಿತ್ರ ತೆಗೆದ ಮನೆಗಳು.

ಮೊದಲು ಬಾಯಿಬಿಟ್ಟವಳು ಶೋಭಾ. ಹಿಟ್ಟಿನ ಗಿರಣಿಯವನ ಹೆಂಡತಿ, ಮಾತಿನಲ್ಲಿ ಜೋರು. ಅವಳ ಮನೆಯ ಚಿತ್ರ ಅವತ್ತೇ ಶುರುವಾಗಬೇಕಿತ್ತು. ಎದ್ದು ನಿಂತು ಹೇಳಿದಳು: "ನಂದ ಬ್ಯಾಡ ಬೇ ಯವ್ವಾ. ಈಕಿ ಮನಿ ತಗದಳಂದ್ರ ತಗದ ಬಿಡ್ತಾಳ." ಯಾರೂ ಅದಕ್ಕೆ ನಗಲೂ ಇಲ್ಲ, ಬಯ್ಯಲೂ ಇಲ್ಲ. ಕತ್ತಲಾಗುವುದರೊಳಗೆ ಗೋಡೆಯ ಮೇಲಿನ ಚಿತ್ರಗಳು ಒಂದೊಂದಾಗಿ ಇಳಿದವು. ಒಬ್ಬಳು ತನ್ನದನ್ನು ನಾಲ್ಕು ಮಡಿಕೆ ಮಾಡಿ, ಅನ್ನ ಬೇಯುತ್ತಿದ್ದ ಒಲೆಗೆ ತುರುಕಿದಳು. ವೈನಿ ಅಲ್ಲೇ ನೀರು ತುಂಬಿಕೊಳ್ಳುತ್ತ ನಿಂತಿದ್ದಳು. ತನ್ನ ಹಸಿರು ಬಣ್ಣ ಸುರುಟಿ ಕಪ್ಪಾಗುವುದನ್ನು ಪೂರ್ತಿ ನೋಡಿದಳು.

ನಾನು ಹುಡುಕುತ್ತ ಹೋದಾಗ ಪ್ರಯೋಗಾಲಯದ ಕಪಾಟಿನ ಹಿಂದೆ, ನೆಲದ ಮೇಲೆ ಕೂತಿದ್ದಳು. ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದಳು, ಬೇರೆ ಯಾರದೋ ಕೈಗಳ ಹಾಗೆ.

"ಬಾಯಾರ, ನನ್ನ ಕೈಯಾಗ ಏನರ ಐತೇನ್ರಿ? ಸಣ್ಣಾಕಿದ್ದಾಗ ನಮ್ಮಪ್ಪನ್ನ ತಗದಿದ್ದೆ. ಆ ವರ್ಷನ ಅಂವ ಹೋದ."

ನಾನು ಟೀಚರು, ಲೆಕ್ಕ ಬಿಡಿಸುವ ಹಾಗೆ ಬಿಡಿಸಿ ಹೇಳಿದೆ. ನಿನ್ನ ಹತ್ತಿರ ಮೊದಲು ಬಂದವರು ಹೊಳಿ ಓಣಿಯವರು. ಯಾಕೆ ಬಂದರು? ಅವರಿಗೇ ಹೆಚ್ಚು ಭಯ. ಯಾಕೆ ಭಯ? ಅವರ ಮನೆಗಳೇ ನೀರಿಗೆ ಹತ್ತಿರ, ಗೋಡೆ ಮಣ್ಣಿನದು. ಅವು ಮೊದಲು ಬೀಳುವಂಥವೇ.

"ಗೊತ್ತೈತ್ರಿ" ಅಂದಳು. "ನೀವು ಹೇಳೂದು ಖರೇ ಐತಿ ಅಂತ ಗೊತ್ತೈತಿ. ಗೊತ್ತಿದ್ರೂ ಕೈ ನಡಗಾಕತ್ತಾವು, ನೋಡ್ರಿ."

ಡಬ್ಬಿಯನ್ನು ಕಪಾಟಿನೊಳಗೆ ಹಳೆಯ ನಕ್ಷೆಗಳ ಹಿಂದೆ ತಳ್ಳಿಬಿಟ್ಟಿದ್ದಳು.

ಆಮೇಲಿನ ದಿನಗಳು ಭಾರವಾದವು. ಸೆಳವು ಜೋರಾಗಿ ದೋಣಿ ಇಳಿಸುವುದನ್ನು ನಿಲ್ಲಿಸಿದರು. ಸುದ್ದಿಯೂ ನಿಂತಿತು. ಕಂಬಳಿಗಾಗಿ, ಫೋನು ಚಾರ್ಜು ಮಾಡುವ ಪಾಳಿಗಾಗಿ ಜಗಳ ಎದ್ದವು. ಮಕ್ಕಳು ಕಿರಿಕಿರಿ ಮಾಡಿ ಹೊಡೆಸಿಕೊಂಡವು. ಆಕೆ ಯಾರ ಕಣ್ಣಿಗೂ ಬೀಳದಂತೆ ಪಾತ್ರೆ ತಿಕ್ಕುತ್ತಿದ್ದಳು. ಹೆಂಗಸರು ಅವಳು ಕೂತ ಮಗ್ಗುಲಿನಿಂದ ತಮ್ಮ ಹಾಸಿಗೆಯನ್ನು ಸ್ವಲ್ಪ ಆಚೆ ಎಳೆದುಕೊಂಡದ್ದನ್ನು ನಾನೂ ನೋಡಿದೆ, ಅವಳೂ ನೋಡಿದಳು.

ಒಂದು ಮುಂಜಾನೆ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಅಪ್ಪಾಸಾಬ ಕಾಕಾ ಕೋಲೂರಿಕೊಂಡು ಪಾತ್ರೆಗಳ ಹತ್ತಿರ ಬಂದ. ಕೈಯಲ್ಲಿ ಅವನ ಚಿತ್ರ. ಒಲೆಗೆ ಹಾಕದೆ ಉಳಿಸಿಕೊಂಡಿದ್ದ.

"ಏನಬೇ, ನಮ್ಮ ಹೆಂಚ ಅರ್ಧಾಕ್ಕ ಬಿಟ್ಟೀಯಲ್ಲ."

"ಕಾಕಾ, ನಿಮ್ಮ ಮನಿ..."

"ಬಿದ್ದೈತಿ. ನನಗ ಹೇಳತೀಯೇನು? ಬಿದ್ದ ಮನೀಗೆ ಇನ್ನೇನ ಆಗೂದೈತಿ? ಮಳಿಗಾಲದಾಗ ಅರ್ಧಾ ಹೆಂಚಿನ ಕೆಳಗ ಹೆಂಗ ಮಲಗಲಿ ನಾನು? ಪೂರಾ ಮಾಡು."

ಆಕೆ ನನ್ನ ಕಡೆ ನೋಡಿದಳು. ನಾನು ಹೋಗಿ ಕಪಾಟಿನಿಂದ ಡಬ್ಬಿ ತಂದುಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು, ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡು, ಎಲ್ಲರೆದುರಿಗೆ ಹೆಂಚು ಬರೆದಳು. ಕೆಂಪು, ಕೆಂಪಿನ ಮೇಲೆ ಕಂದು, ಪಾಚಿ ಕಟ್ಟಿದ ಕಡೆ ಹಸಿರು. ಹಚ್ಚುತ್ತ ಹಚ್ಚುತ್ತ ಎಡಗೈ ತಾನಾಗಿ ಬಿಟ್ಟುಹೋಯಿತು. ಕಾಕಾ ಚಿತ್ರ ತೆಗೆದುಕೊಂಡು ಹೋದ ಮೇಲೆ ಆಕೆ ಇನ್ನೊಂದು ಹಾಳೆ ಬಿಚ್ಚಿದಳು.

"ಇದ್ಯಾರದು?" ಅತ್ತೆ ಕೇಳಿದಳು.

"ನಮ್ಮದು."

ಅತ್ತೆ ಧಡಕ್ಕನೆ ಅವಳ ಕೈ ಹಿಡಿದುಕೊಂಡಳು. ಬೈಗುಳದ ಮಾತು ಅವತ್ತು ಅವಳ ಬಾಯಲ್ಲಿ ಇರಲಿಲ್ಲ. "ಬ್ಯಾಡ, ನನ ಮಗಳ. ಬ್ಯಾಡ" ಅಂದಳು. ಮಗಳೇ ಎಂದು ಆ ಮುದುಕಿ ಸೊಸೆಯನ್ನು ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಅತ್ತಿ, ಬಿದ್ರ ನಮ್ಮದೂ ಬೀಳತೈತಿ. ಇವರೆಲ್ಲಾರದೂ ತಗದು ನಮ್ಮದೊಂದ ಉಳಿಸಿಕೊಂಡ್ರ ನಾ ಇವರ ಮುಂದ ಹೆಂಗ ಕುಂಡ್ರಲಿ?"

ಅತ್ತೆ ಕೈ ಬಿಟ್ಟಳು. ಗೋಡೆ ಎದ್ದಿತು, ಕಟ್ಟೆ ಬಂತು, ನಿಂಬೆಗಿಡ ಬಂತು. ಶೋಭಾ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದವಳು ನಡುನಡುವೆ ತಿರುಗಿ ನೋಡುತ್ತಿದ್ದಳು. ಅತ್ತೆ ಹಾಳೆಯ ಮೇಲೆ ಬಗ್ಗಿ ಅಂದಳು: "ತುಳಸಿ ಕಟ್ಟಿ ಅಷ್ಟ ದೂರ ಇಲ್ಲ. ಈಚೀಕ ತಗೋ."

ಮುಗಿದ ಚಿತ್ರವನ್ನು ಆಕೆ ಎಲ್ಲರಿಗೂ ಕಾಣುವ ಹಾಗೆ ಕಪ್ಪುಹಲಗೆಯ ನಡುವೆ ಅಂಟಿಸಿದಳು. ಆಮೇಲೆ ಕಾಯುವುದು ಇನ್ನೂ ಕಷ್ಟವಾಯಿತು. ಆಕೆ ಊಟ ಬಿಟ್ಟಳು. ಕಾಂಪೌಂಡಿನ ಅಂಚಿಗೆ ಹೋಗುವುದು, ನೋಡುವುದು, ಬರುವುದು. ತನ್ನ ಓಣಿ ಅಲ್ಲಿಂದ ಕಾಣುವುದಿಲ್ಲವೆಂದು ಗೊತ್ತಿದ್ದರೂ ಮತ್ತೆ ಹೋಗುವುದು. ಊರಿಗೆ ಊರೇ ಈಗ ಒಂದೇ ಮನೆಯ ಸುದ್ದಿಗೆ ಕಾಯುತ್ತಿರುವ ಹಾಗಿತ್ತು. ಅದು ಬೀಳಲಿ ಎಂದು ಬಯಸಿದವರೂ ಇದ್ದರೋ ಏನೋ. ಮನುಷ್ಯರ ಭಯಕ್ಕೆ ಒಂದು ಕಾರಣ ಸಿಕ್ಕರೆ ಸಾಕು.

ನೀರು ಇಳಿಯಿತು. ಏರಿದ ಹಾಗೇ ಸದ್ದಿಲ್ಲದೆ ಇಳಿಯಿತು. ಊರಿಗೆ ಹೋಗಬಹುದು ಎಂದಾಗ ನಾನೂ ಅವರ ಜೊತೆ ಇಳಿದೆ. ಮೊಳಕಾಲು ಮಟ್ಟ ಕೆಸರು, ಕೊಳೆತ ಕಬ್ಬಿನ ವಾಸನೆ, ಲೈಟಿನ ಕಂಬಕ್ಕೆ ಸುತ್ತಿಕೊಂಡ ಸೀರೆ. ಆಕೆ ಅತ್ತೆಯ ತೋಳು ಬಿಡದೆ, ನೆಲ ನೋಡುತ್ತ ನಡೆದಳು. ತಿರುವಿಗೆ ಬಂದಾಗ ನಿಂತುಬಿಟ್ಟಳು. "ಬಾಯಾರ, ನೀವು ನೋಡಿ ಹೇಳ್ರಿ" ಅಂದಳು.

ನಾನು ನೋಡಿದೆ. ಮನೆ ನಿಂತಿತ್ತು. ಕಿಟಕಿಯ ಮೇಲಿನವರೆಗೆ ಕೆಸರಿನ ಗೆರೆ, ಒಂದು ಮೂಲೆಯಲ್ಲಿ ಕೈ ಹೋಗುವಷ್ಟು ಬಿರುಕು, ನಿಂಬೆಗಿಡ ಇಲ್ಲ. ಆದರೆ ನಿಂತಿತ್ತು. ಅತ್ತೆ ಹೊಸ್ತಿಲ ಮೇಲೆ ಕೂತು ಅತ್ತಳು. ಆಕೆ ಅಳಲಿಲ್ಲ, ನಗಲಿಲ್ಲ. ಒದ್ದೆ ಗೋಡೆಗೆ ಅಂಗೈ ಊರಿ ಸ್ವಲ್ಪ ಹೊತ್ತು ನಿಂತಳು. ಅವಳ ಹಣೆಯ ಗಂಟು ಮಾತ್ರ ಬಿಚ್ಚಿರಲಿಲ್ಲ.

"ಶೋಭಾಂದು ಏನಾತು?" ಅಂದಳು.

ಗಿರಣಿಯ ಹಿಂದಿನ ಆ ಮನೆ ಯಾವ ಹಾಳೆಗೂ ಬಂದಿರಲಿಲ್ಲ. ಅದು ಪೂರ್ತಿ ಕುಸಿದು, ಹೆಂಚು ಮಣ್ಣು ತೊಲೆ ಎಲ್ಲ ಒಂದೇ ಗುಡ್ಡೆಯಾಗಿತ್ತು. ಶೋಭಾ ಮಗುಚಿ ಬಿದ್ದ ಒರಳಿನ ಮೇಲೆ ಕೂತಿದ್ದಳು. ಸುತ್ತ ಓಣಿಯ ಹೆಂಗಸರು ನಿಂತಿದ್ದರು. ವೈನಿಯನ್ನು ಕಂಡು ಶೋಭಾ ಮುಖ ಎತ್ತಿದಳು. ಏನನ್ನುತ್ತಾಳೋ ಎಂದು ನಾನು ಒಂದು ಹೆಜ್ಜೆ ಮುಂದೆ ಬಂದೆ.

"ನಂದ ತಗೀಲಿಲ್ಲಲ್ಲ ವೈನಿ ನೀನು" ಅಂದಳು ಶೋಭಾ. "ನಾನ ಬ್ಯಾಡಂದೆ. ಈಗ ಹೆಂಗಿತ್ತು ಅಂತ ಕಣ್ಣ ಮುಚ್ಚಿದ್ರೂ ಬರವಲ್ತು. ಬರೇ ಈ ಮಣ್ಣ ಕಾಣಾಕತ್ತೈತಿ."

ವೈನಿ ಕೆಸರಿನಲ್ಲೇ ಕುಕ್ಕುರುಗಾಲಲ್ಲಿ ಕೂತು, ಚೀಲದಿಂದ ಹಾಳೆ ತೆಗೆದು ಡಬ್ಬಿಯ ಮುಚ್ಚಳದ ಮೇಲೆ ಹರಡಿದಳು. "ಅಡಗೀ ಮನ್ಯಾಗ ಎಷ್ಟ ಗೂಡ ಇದ್ದೂ?" ಅಂದಳು.

ಶೋಭಾ ತಲೆ ಅಲ್ಲಾಡಿಸಿದಳು.

"ಎರಡು" ಎಂದು ಹಿಂದಿನಿಂದ ಒಬ್ಬಳು ಅಂದಳು. ನೋಡಿದರೆ, ತನ್ನ ಚಿತ್ರವನ್ನು ಒಲೆಗೆ ಹಾಕಿದವಳು. "ಒಂದರಾಗ ಉಪ್ಪಿನಕಾಯಿ ಗಡಗಿ ಇರತಿತ್ತು. ನಾ ಬೇಡಾಕ ಬರತಿದ್ನಲ್ಲ."

"ಜಂತೀಗೆ ತೊಟ್ಟಲಾ ಕಟ್ಟಿದ ಹಗ್ಗ ಹಂಗ ಇತ್ತು" ಅಂದಳು ಇನ್ನೊಬ್ಬಳು.

ಒಬ್ಬೊಬ್ಬರಾಗಿ ಹತ್ತಿರ ಸರಿದರು. ಮನೆ ಹಾಳೆಯ ಮೇಲೆ ತೆಳ್ಳಗೆ ಏಳತೊಡಗಿತು. ಅಷ್ಟರಲ್ಲಿ ಹನಿ ಬಿದ್ದವು. ಎಲ್ಲರೂ ಒಮ್ಮೆಲೆ ಹೊಳೆಯ ಕಡೆ ತಿರುಗಿ ನೋಡಿದರು. ಆಕೆಯೂ ನೋಡಿದಳು, ಕೆಳತುಟಿ ಹಲ್ಲಿಗೆ ಸಿಕ್ಕಿತು. ಆದರೆ ಪೆನ್ಸಿಲು ಹಾಳೆ ಬಿಟ್ಟು ಮೇಲೇಳಲಿಲ್ಲ. ಅತ್ತೆ ಯಾವಾಗ ಬಂದು ನಿಂತಿದ್ದಳೋ, ಯಾರದೋ ಕೈಯಿಂದ ಕೊಡೆ ಕಿತ್ತುಕೊಂಡು ಬಿಚ್ಚಿದಳು. ತಾನು ತೋಯಿಸಿಕೊಳ್ಳುತ್ತ, ಅದನ್ನು ಹಾಳೆಯ ಮೇಲೆ ಹಿಡಿದಳು.